ಕಿಟಕಿ ಪಕ್ಕದ ಕುರ್ಚಿ

ನಾದಿನಿಗೆ ಕೆಲಸ ಕಲಿಸಿದ್ದು ಅತ್ತಿಗೆಯೇ. ಈಗ ಅದೇ ನಾದಿನಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನಲವತ್ತು ಬೇಕರಿಗಳಿಗೆ ಹುಕುಂ ಹೊರಡಿಸುತ್ತಿದ್ದರೆ ಹೊಟ್ಟೆ ಉರಿಯದೆ ಇನ್ನೇನಾದೀತು? ಗುರುವಿಗೇ ತಿರುಮಂತ್ರ ಅಂದರೆ ಇದೇ ತಾನೆ!

ಯಾವ ಬೇಕರಿಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಬ್ರೆಡ್ಡು ಬೇಯಬೇಕೆಂದು ತೀರ್ಮಾನಿಸುವುದು ಆಫೀಸಿನ ಕಿಟಕಿ ಪಕ್ಕದ ಕಂಪ್ಯೂಟರು. ಅದಕ್ಕೆ ಮ್ಯಾನೇಜರ್ ಅಂತ ಹೆಸರು. ಪ್ರತಿ ಬೇಕರಿಯಲ್ಲೂ ಒಂದು ಪುಟ್ಟ ಕಂಪ್ಯೂಟರು, ಅದು ಏಜೆಂಟು. ಅದರ ಮುಂದಿರುವವರು ಬಂದ ಹುಕುಮನ್ನು ತುಟಿ ಪಿಟಕ್ಕೆನ್ನದೆ ನಡೆಸಿ, 'ಆಯಿತು' ಎಂದು ಒತ್ತಬೇಕು, ಅಷ್ಟೇ. ಗೋಡೆ ಪಕ್ಕದಲ್ಲಿ ಬದಲಿ ಮ್ಯಾನೇಜರೊಂದಿತ್ತು. ಮೊದಲನೆಯದು ಕೆಟ್ಟರೆ ಅದು ಅಧಿಕಾರ ವಹಿಸಿಕೊಳ್ಳಬೇಕು, ಸರಿಹೋದ ಕೂಡಲೇ ವಾಪಸ್ ಕೊಡಬೇಕು. ಅತ್ತಿಗೆಯ ಕುರ್ಚಿ ಅದರ ಮುಂದೆ. ಮೊದಲನೆಯದೋ, ಎರಡು ವರ್ಷದಿಂದ ಕೆಟ್ಟೇ ಇರಲಿಲ್ಲ.

ಮನೆಯಲ್ಲಿ 'ಅತ್ತಿಗೆ, ಅತ್ತಿಗೆ' ಎಂದು ಹಿಂದೆ ಮುಂದೆ ಸುತ್ತುವ ಹುಡುಗಿಯನ್ನು ಇಲ್ಲಿ ಎಲ್ಲರೂ ಮೇಡಂ ಅನ್ನುತ್ತಿದ್ದರು. ಗಂಡನ ಹತ್ತಿರ ಹೇಳಿಕೊಂಡರೆ, "ನಮ್ಮ ಮನೆಯವಳೇ ಅಲ್ವೇನೇ, ಬಿಡು" ಅಂದುಬಿಡುತ್ತಿದ್ದ. ತಂಗಿ ಅವನಿಗೆ, ಉರಿ ಇವಳಿಗೆ.

ಮಂಗಳವಾರ ಬೆಳಿಗ್ಗೆ ಕಿಟಕಿ ಪಕ್ಕದ ಕಂಪ್ಯೂಟರು ಕೈಕೊಟ್ಟಿತು. ಅತ್ತಿಗೆ ಗುಂಡಿ ಒತ್ತಿ ಅಧಿಕಾರ ವಹಿಸಿಕೊಂಡಳು. ಇಡೀ ದಿನ ನಲವತ್ತು ಬೇಕರಿಗಳೂ ಅವಳಿಗೇ 'ಆಯಿತು, ಆಯಿತು' ಅಂದವು. ಆಹಾ, ಆ ಸುಖವೇ!

ಸಂಜೆ ಐದಕ್ಕೆ ರಿಪೇರಿ ಮುಗಿಯಿತು. ನಾದಿನಿ ಕೂತಲ್ಲಿಂದಲೇ ಕೇಳಿದಳು:

"ಅತ್ತಿಗೆ, ವಾಪಸ್ ಕೊಟ್ರಾ?"

"ಕೊಟ್ಟೆ ಕಣೇ."

ಕೊಟ್ಟಿರಲಿಲ್ಲ. ಇದೊಂದು ಸಂಜೆ ಇಟ್ಟುಕೊಳ್ಳೋಣ, ನಾಳೆ ಕೊಟ್ಟರಾಯಿತು ಅಂದುಕೊಂಡಿದ್ದಳು. ನಾದಿನಿ ಅವಳ ಮಾತು ನಂಬಿ ತನ್ನ ಕಂಪ್ಯೂಟರನ್ನು ಶುರು ಮಾಡಿದಳು. ಆರು ಗಂಟೆಗೆ ಎರಡು ಕಂಪ್ಯೂಟರುಗಳೂ ಮರುದಿನದ ಹುಕುಂ ಕಳಿಸಿದವು.

ಬೆಳಗಾಗುವಷ್ಟರಲ್ಲಿ ನಲವತ್ತು ಬೇಕರಿಗಳಲ್ಲೂ ಎರಡರಷ್ಟು ಬ್ರೆಡ್ಡು! ಕಪಾಟು ತುಂಬಿ, ಮೇಜು ತುಂಬಿ, ಮೆಟ್ಟಿಲ ಮೇಲೂ ಜೋಡಿಸಿದ್ದರು. "ಎರಡೆರಡು ಸಲ ಹೇಳಿದ್ರಲ್ಲ, ಯಾರದೋ ಮದುವೆ ಇರ್ಬೇಕು ಅನ್ಕೊಂಡ್ವಿ" ಎಂದು ಬೇಕರಿಯವನೊಬ್ಬ ಫೋನಿನಲ್ಲಿ ನಕ್ಕ. ನಲವತ್ತೂ ಬೇಕರಿಗಳ ಯಜಮಾನರು ನಗಲಿಲ್ಲ.

"ಯಾರದು ಈ ಕೆಲ್ಸ?"

ಅತ್ತಿಗೆ ಬಾಯಿ ತೆರೆಯುವ ಮೊದಲೇ ನಾದಿನಿ ಎದ್ದು ನಿಂತಳು.

"ನಂದೇ ತಪ್ಪು ಸಾರ್. ಇನ್ನೊಂದು ಕಂಪ್ಯೂಟರ್ ನಿಂತಿದ್ಯಾ ಅಂತ ನಾನು ನೋಡ್ಬೇಕಿತ್ತು, ನೋಡ್ಲಿಲ್ಲ."

"ಹಾಗಾದ್ರೆ ನಾಳೆಯಿಂದ ಆ ಕುರ್ಚೀಲಿ ನಿಮ್ಮ ಅತ್ತಿಗೆ ಕೂರ್ಲಿ."

ಎರಡು ವರ್ಷ ಹಂಬಲಿಸಿದ ಕುರ್ಚಿ ತಾನಾಗಿ ನಡೆದು ಬಂದಿತ್ತು! ಅಷ್ಟರಲ್ಲಿ ಟೈಪಿಸ್ಟ್ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ದೊಡ್ಡ ಗುಣ ನಮ್ಮ ಮೇಡಂದು" ಅಂದಳು.

ಸರಿ, ಮತ್ತೆ ಹತ್ತಿಕೊಂಡಿತು ನೋಡಿ ಕಿಚ್ಚು. ಕುರ್ಚಿಯನ್ನು ತನಗೆ ಭಿಕ್ಷೆ ಹಾಕಿ, ದೊಡ್ಡ ಗುಣದ ಹೆಸರನ್ನೂ ಇವಳೇ ಹೊಡೆದುಕೊಂಡು ಹೋಗುವುದೇ? ಇನ್ನು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇವಳ ಋಣದಲ್ಲಿ ಬದುಕುವುದೇ? ಸತ್ತರೂ ಆಗದು!

"ಸುಳ್ಳು ಸಾರ್! ಕೊಟ್ಟೆ ಅಂತ ಹೇಳಿ ಕೊಡದೇ ಇದ್ದವಳು ನಾನು. ಬೇಕಂತಲೇ!"

ಮುಂದಿನ ಸೋಮವಾರದಿಂದ ಅತ್ತಿಗೆಗೆ ಊರಾಚೆಯ ಬೇಕರಿ. ಮುಂದೆ ಪುಟ್ಟ ಕಂಪ್ಯೂಟರು, ಬೆನ್ನಿಗೆ ಓವನ್ನಿನ ಕಾವು. ಸಂಜೆ ಆರಕ್ಕೆ ಸರಿಯಾಗಿ ಹುಕುಂ ಬಂತು: ಬೆಳಿಗ್ಗೆ ಐದಕ್ಕೆ ಇನ್ನೂರು ಬ್ರೆಡ್ಡು, ಆರಕ್ಕೆ ಎಂಬತ್ತು ಬನ್ನು. ಕೆಳಗೊಂದು ಸಾಲು: 'ಅತ್ತಿಗೆ, ಸರಿಯಿದೆಯಾ ಒಂದ್ಸಲ ನೋಡಿ.'

ಅವಳು ಒಂದಲ್ಲ, ಮೂರು ಸಲ ನೋಡಿದಳು. ಒಂದೇ ಒಂದು ತಪ್ಪು ಸಿಕ್ಕಿದ್ದರೆ ಜೀವ ತಣ್ಣಗಾಗುತ್ತಿತ್ತು. ಸಿಗಲಿಲ್ಲ. ತಾನೇ ಕಲಿಸಿದ್ದಲ್ಲವೇ, ಎಲ್ಲಿಂದ ಸಿಗಬೇಕು?

"ಹಾಳಾದವಳು" ಎಂದು ಬೈದು, ಹಿಟ್ಟು ಅಳೆಯಲು ಎದ್ದಳು.