ಒಂದು ತಟ್ಟಿದರೆ ಉಪ್ಪು

ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ ಎಂದು ಹುಟ್ಟಿದ ಮನೆಯಲ್ಲೂ ಬೈಸಿಕೊಂಡಿದ್ದೇನೆ, ಸೇರಿದ ಮನೆಯಲ್ಲೂ ಬೈಸಿಕೊಳ್ಳುತ್ತಿದ್ದೇನೆ. ಕೂತರೆ ಏಳಬೇಕು, ಎದ್ದರೆ ಬಾಗಿಲ ತನಕ ಹೋಗಬೇಕು, ಬಾಗಿಲ ತನಕ ಹೋದರೆ ಬೀದಿ ಎಲ್ಲಿಗೆ ತಿರುಗುತ್ತದೆ ಎಂದು ಇಣುಕಬೇಕು. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದಾಳೆ" ಎನ್ನುತ್ತಾರೆ ನಮ್ಮತ್ತೆ. ಚಕ್ರವೇನೋ ಇದೆ. ಅದು ಇಷ್ಟು ವರ್ಷ ಉರುಳಿದ್ದು ಮಾತ್ರ ಒಲೆಯಿಂದ ಮೇಜಿಗೆ, ಮೇಜಿನಿಂದ ಒಲೆಗೆ.

ಹಾಗೆಂದು ನಾನು ಲೋಕವನ್ನೇ ಕಂಡಿಲ್ಲ ಎನ್ನುವಂತಿಲ್ಲ. ಲೋಕವೇ ವ್ಯಾನು ಹತ್ತಿ ನಮ್ಮ ಅಡುಗೆಮನೆಗೆ ಬರುತ್ತದೆ. ಪ್ರವಾಸದ ಕಂಪನಿಯೊಂದು ಪರದೇಶದವರಿಗೆ ಅರಮನೆ, ಸಂಗ್ರಹಾಲಯ ಎಲ್ಲ ತೋರಿಸಿ, ಅವರ ಕಾಲು ಸೋತ ಮೇಲೆ ನಮ್ಮಂಥ ಮನೆಗೆ ಕರೆತರುತ್ತದೆ. ಅವರು ನಮ್ಮ ಜೊತೆ ತರಕಾರಿ ಹೆಚ್ಚಬೇಕು, ಕೈ ಮಸಿ ಮಾಡಿಕೊಳ್ಳಬೇಕು, ಉದ್ದನೆಯ ಮೇಜಿನ ಆ ಕಡೆ ಕೂತು ಉಣ್ಣಬೇಕು. ವ್ಯಾನು ಓಡಿಸುವವರು ನಮ್ಮ ಯಜಮಾನರು. ಯಜಮಾನರು ಅನ್ನುವುದು ಬರೀ ಮಾತಿಗೆ, ಮನೆಯ ಯಜಮಾನಿಕೆ ಅತ್ತೆಯದು. ಅಡುಗೆ ಅವರದು, ಅದನ್ನು ಬಂದವರ ಭಾಷೆಯಲ್ಲಿ ಹೇಳುವ ಬಾಯಿ ನನ್ನದು.

ನಾನು ಬಂದವರನ್ನು ಸುಮ್ಮನೆ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಮೊದಲು ಬಡಿಸುವುದು ಯಾರಿಗೆ, ಉಳಿದದ್ದನ್ನು ಏನು ಮಾಡುತ್ತೀರಿ, ನಿಮ್ಮ ಅಜ್ಜಿ ಈರುಳ್ಳಿ ಹೆಚ್ಚುವಾಗ ಅಳುತ್ತಿದ್ದರಾ ಎಂದು ಪೀಡಿಸುತ್ತೇನೆ. ಒಬ್ಬಾಕೆ ತನ್ನ ಊರಿನಲ್ಲಿ ಸಮುದ್ರದ ನೀರಿನಲ್ಲೇ ಆಲೂಗಡ್ಡೆ ಬೇಯಿಸುತ್ತಾರೆ ಎಂದಿದ್ದಳು. ಅವತ್ತಿಡೀ ನನ್ನ ತಲೆಯಲ್ಲಿ ಅದೇ. ಸಂಜೆ ವ್ಯಾನು ಅವಳನ್ನು ಹತ್ತಿಸಿಕೊಂಡು ಹೋಯಿತು, ನಾನು ಮೇಜು ಒರೆಸಿದೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಬೇರೆ ಹೆಸರಿಟ್ಟು ಅದಕ್ಕೆ ಮರ್ಯಾದೆ ಕೊಡುವ ಅಗತ್ಯವಿಲ್ಲ.

ಆದರೆ ಆ ಮನೆಯಿಂದ ನಾನು ಕದಲುವಂತಿರಲಿಲ್ಲ. ಯಾಕೆಂದರೆ ಅತ್ತೆಗೆ ನಾಲಿಗೆಯಿರಲಿಲ್ಲ.

ಮಾತಾಡುವ ನಾಲಿಗೆ ಬೇಕಾದಷ್ಟಿತ್ತು. ರುಚಿಯ ನಾಲಿಗೆ ಒಂದು ಜ್ವರದಲ್ಲಿ ಹೋಯಿತು, ಮತ್ತೆ ಬರಲೇ ಇಲ್ಲ. ಸಕ್ಕರೆಯೂ ಒಂದೇ, ಮಣ್ಣೂ ಒಂದೇ. ಡಾಕ್ಟರು ಕೈಚೆಲ್ಲಿದರು. ಅತ್ತೆ ಅದನ್ನು ನನ್ನೊಬ್ಬಳಿಗೆ ಹೇಳಿದರು, ಹೆತ್ತ ಮಗನಿಗೂ ಹೇಳಲಿಲ್ಲ. ಹೇಳಿದವರೇ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಎಷ್ಟೋ ದಿನ ಏಳಲಿಲ್ಲ. ಮೈಗೆ ಹುಷಾರಿಲ್ಲ ಎಂದು ಮಗ ಅಂದುಕೊಂಡರು. ನನಗೆ ಗೊತ್ತಿತ್ತು, ಆ ಹೆಂಗಸಿಗೆ ಸೌಟು ಬಿಟ್ಟರೆ ಬೇರೆ ಜೀವವಿಲ್ಲ.

ಅದಕ್ಕೇ ಈ ಉಪಾಯ ಮಾಡಿದೆ. ಅತ್ತೆ ಗೋಡೆಗೆ ಮುಖ ಮಾಡಿ ಒಲೆಯ ಮುಂದೆ ನಿಲ್ಲುತ್ತಾರೆ. ಅಳತೆ, ಬೇಯುವ ಹದ, ಒಗ್ಗರಣೆಯ ಸಮಯ ಎಲ್ಲ ಅವರ ಕೈಗೆ ಗೊತ್ತು. ತಪ್ಪುವುದು ಉಪ್ಪೊಂದೇ. ನಾನು ಬಟ್ಟಲಿಗೆ ಸ್ವಲ್ಪ ಬಡಿಸಿಕೊಂಡು ಮೇಜಿನ ಹತ್ತಿರ ಬಂದು, ಬಂದವರ ಜೊತೆ ಹರಟುತ್ತಲೇ ರುಚಿ ನೋಡುತ್ತೇನೆ. ಚಮಚದಿಂದ ಬಟ್ಟಲಿನ ಅಂಚಿಗೆ ಒಂದು ಸಲ ತಟ್ಟಿದರೆ ಇನ್ನೊಂದು ಚಿಟಿಕೆ ಉಪ್ಪು. ಎರಡು ಸಲ ತಟ್ಟಿದರೆ ಸಾಕು, ಒಲೆ ಆರಿಸಿ. ಅತ್ತೆ ತಿರುಗಿ ನೋಡುವುದೂ ಇಲ್ಲ. ನಮ್ಮಿಬ್ಬರ ನಡುವೆ ಮಾತಿನಲ್ಲಿ ನಡೆಯದ ಎಷ್ಟೋ ವ್ಯವಹಾರ ಆ ಸದ್ದಿನಲ್ಲಿ ನಡೆದುಹೋಗುತ್ತಿತ್ತು.

ಊಟವಾದ ಮೇಲೆ ಅತ್ತೆ ಎಲ್ಲರನ್ನೂ ಹೇಗಿದೆ ಎಂದು ಕೇಳುತ್ತಾರೆ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ.

"ಹೊರಗಿನವರು ಯಾವತ್ತೂ ಚೆನ್ನಾಗಿದೆ ಅಂತಾನೇ ಅನ್ನೋದು" ಎಂದು ಅತ್ತೆ ಪಾತ್ರೆ ಎತ್ತುತ್ತ ಗೊಣಗುತ್ತಾರೆ. "ಉಪ್ಪು ಕಮ್ಮಿ ಅಂತ ಮುಖದ ಮೇಲೆ ಹೇಳೋಕೆ ಮನೆಯವರೇ ಬೇಕು."

ಒಮ್ಮೆ ಒಬ್ಬ ಅತಿಥಿ ಈ ತಟ್ಟುವುದನ್ನು ಗಮನಿಸಿ ಏನದು ಎಂದು ಕೇಳಿದ. ನನ್ನ ಬಾಯಿಗೆ ಬೀಗವಿದ್ದರೆ ತಾನೆ! ಅದು ನಮ್ಮ ಮನೆತನದ ಪದ್ಧತಿ, ಊಟಕ್ಕೆ ಮೊದಲು ಬಟ್ಟಲು ತಟ್ಟಿ ಮನೆಮಂದಿಯನ್ನೆಲ್ಲ ಕರೆಯುತ್ತೇವೆ ಎಂದು ಬಿಟ್ಟೆ. ಆ ಸುಳ್ಳನ್ನು ಆಮೇಲೆ ಅತ್ತೆಗೆ ಹೇಳಿ ಬೈಸಿಕೊಂಡೆ. ಅವನ ಕಣ್ಣಂತೂ ಅರಳಿತ್ತು. ಹೋಗಿ ಕಂಪನಿಯ ಮ್ಯಾನೇಜರಮ್ಮನಿಗೆ ಹೇಳಿದ್ದಾನೆ. ಅದು ನನಗೆ ಗೊತ್ತಾಗಿದ್ದು ಎಲ್ಲ ಕೆಟ್ಟ ದಿನವೇ.

ಆ ದಿನ ಬೆಳಿಗ್ಗೆಯೇ ಮ್ಯಾನೇಜರಮ್ಮ ಫೋನು ಮಾಡಿದ್ದರು. ಒಂದು ಗುಂಪು ದೇಶದಿಂದ ದೇಶಕ್ಕೆ ಹೊರಟಿದೆ, ಹೋದಲ್ಲೆಲ್ಲ ಇಂಥದೇ ಮನೆಗಳಲ್ಲಿ ಉಳಿದು, ಅವರ ಜೊತೆ ಅಡುಗೆ ಮಾಡಿ, ಉಂಡು, ಮುಂದಕ್ಕೆ ಹೋಗುತ್ತದೆ. ಗುಂಪನ್ನು ನೋಡಿಕೊಳ್ಳಲು ಕಂಪನಿಯಿಂದ ಜೊತೆಗೆ ಹೋಗಬೇಕಿದ್ದವಳು ಕಾಲು ಮುರಿದುಕೊಂಡಿದ್ದಾಳೆ.

"ನೀನು ಬರ್ತೀಯಾ? ಸಂಜೆಯೊಳಗೆ ಹೇಳು. ಆಮೇಲೆ ಬೇರೆಯವರನ್ನ ನೋಡ್ತೀನಿ" ಎಂದರು.

ಮೇಜಿನ ಆ ಕಡೆ! ನಾನು ಮೇಜಿನ ಆ ಕಡೆ ಕೂರುವುದು! ಈರುಳ್ಳಿ ಹೆಚ್ಚುತ್ತ ಬೆರಳು ಕುಯ್ದುಕೊಂಡೆ, ಹಾಲು ಉಕ್ಕಿಸಿದೆ, ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆದೆ. ಯಜಮಾನರಿಗೆ ಹೇಳಿದೆ. ಅವರು ವ್ಯಾನಿನ ಕನ್ನಡಿ ಒರೆಸುತ್ತ, "ಹೋಗು. ಅಮ್ಮ ಇದ್ದಾಳಲ್ಲ, ನಾನು ಇದೀನಿ. ಇಲ್ಲೇನು ಕೊಳ್ಳೆ ಹೋಗುತ್ತೆ?" ಎಂದರು. ಪಾಪ, ಅವರಿಗೇನು ಗೊತ್ತು? ನಾನು ಹೋದರೆ ಅತ್ತೆ ಮತ್ತೆ ಆ ಕುರ್ಚಿಗೆ ಹೋಗುತ್ತಾರೆ. ಹೋಗದಿದ್ದರೆ ನಾನು ಈ ಮೇಜು ಒರೆಸುತ್ತಲೇ ಮುದುಕಿಯಾಗುತ್ತೇನೆ. ಅತ್ತೆಯ ಬೆನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆಯೇ ನಾಚಿಕೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಬೇರೇನೋ ಹೇಳಿದೆ.

ಮಧ್ಯಾಹ್ನ ಅತಿಥಿಗಳು ಬಂದರು. ಕೆಂಪು ಟೋಪಿಯ ಗಂಡಸು, ನಗುನಗುತ್ತಲೇ ಇದ್ದ ಜೋಡಿ, ಎಲ್ಲವನ್ನೂ ಕ್ಯಾಮೆರಾದಲ್ಲೇ ನೋಡುವ ಮೂರು ಜನ ಗೆಳತಿಯರು, ಊರುಗೋಲಿನ ಒಬ್ಬ ಅಜ್ಜಿ. ಎಂದಿನಂತೆ ಹೆಚ್ಚಿದರು, ಚೆಲ್ಲಿದರು, ನಕ್ಕರು. ದೊಡ್ಡ ಪಾತ್ರೆಯಲ್ಲಿ ಬೇಳೆ ತರಕಾರಿ ಕುದಿಯುತ್ತಿತ್ತು. ಎಲ್ಲರ ಮುಂದೂ ಬಟ್ಟಲಿಟ್ಟು ರುಚಿಗೆಂದು ಒಂದೊಂದು ಚಮಚ ಬಡಿಸಿದೆ. ನಾನು ರುಚಿ ನೋಡಿದೆ. ಉಪ್ಪು ಹಿಡಿದಿತ್ತು, ಸರಿಯಾಗಿತ್ತು. ಎರಡು ಸಲ ತಟ್ಟಬೇಕೆಂದು ಚಮಚ ಎತ್ತಿದ್ದೆ, ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಮ್ಯಾನೇಜರಮ್ಮ. ಚಮಚ ಅಲ್ಲೇ ಬಿಟ್ಟು ಫೋನು ಹಿಡಿದು ಹಿತ್ತಲಿಗೆ ಓಡಿದೆ.

"ಟಿಕೆಟ್ಟಿನವರು ಹೆಸರು ಕೇಳ್ತಿದ್ದಾರೆ. ಏನು ಮಾಡ್ದೆ?"

"ಇನ್ನೂ ಸಂಜೆ ಆಗಿಲ್ವಲ್ಲ ಮೇಡಂ."

"ನಿಂಗೆ ಆಸೆ ಇಲ್ವಾ?"

"ಆಸೆನಾ? ಮೇಡಂ, ದೇಶ ನೋಡೋಕೆ ಅಂದ್ರೆ ಈಗ್ಲೇ ಚಪ್ಪಲಿ ಹಾಕ್ಕೊಂಡು ಬಂದ್ಬಿಡ್ತೀನಿ. ಆದ್ರೆ ನಮ್ಮತ್ತೇನ ಬಿಟ್ಟು..." ನನ್ನ ದನಿ ಎಷ್ಟು ಏರಿತ್ತೋ ನನಗೇ ತಿಳಿಯಲಿಲ್ಲ. ಹಿತ್ತಲಿಗೂ ಒಲೆಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ, ಅದರಲ್ಲಿ ಒಂದು ತೆರೆದ ಕಿಟಕಿ.

"ಅದಿರ್ಲಿ. ನಿಮ್ಮನೆ ಬಟ್ಟಲು ತಟ್ಟೋ ಪದ್ಧತಿ ಬಗ್ಗೆ ಇವತ್ತಿನ ಗುಂಪಿಗೆ ಹೇಳಿದೀನಿ. ಒಬ್ಬೊಬ್ಬರ ಕೈಲೂ ತಟ್ಟಿಸು, ಫೋಟೊ ತೆಗೀಲಿ" ಎಂದರು ಮ್ಯಾನೇಜರಮ್ಮ.

ಒಳಗಿನಿಂದ ಟಣ್ ಎಂಬ ಸದ್ದು ಬಂತು. ಚಪ್ಪಾಳೆ. ಸ್ವಲ್ಪ ಬಿಟ್ಟು ಮತ್ತೊಂದು ಟಣ್, ಅದರ ಹಿಂದೆ ಇನ್ನೊಂದು, ಮತ್ತೊಂದು.

ಫೋನನ್ನು ಹಿತ್ತಲ ಕಟ್ಟೆಯ ಮೇಲೇ ಬಿಟ್ಟು ಒಳಗೆ ಓಡುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಕ್ಯಾಮೆರಾದ ಗೆಳತಿಯರಲ್ಲಿ ಕೊನೆಯವಳು ಕಣ್ಣು ಮುಚ್ಚಿ, ಪೂಜೆ ಮಾಡುವಷ್ಟು ಭಕ್ತಿಯಿಂದ, ಬಟ್ಟಲಿಗೆ ಒಂದೇ ಒಂದು ಸಲ ತಟ್ಟುತ್ತಿದ್ದಳು. ಅವಳಿಗೆ ಮುಂಚೆ ಎಲ್ಲರದೂ ಆಗಿತ್ತು. ಅತ್ತೆ ಗೋಡೆಗೇ ಮುಖ ಮಾಡಿ ನಿಂತಿದ್ದರು. ಅವರ ಕೈ ಉಪ್ಪಿನ ಭರಣಿಗೆ ಹೋಯಿತು, ಬಂತು. ಚಿಟಿಕೆಯಲ್ಲ, ಮುಷ್ಟಿ. ಇವಳು ಫೋನು ಮುಗಿಸಿ ಒಳಗೆ ಬಂದಿದ್ದಾಳೆ, ಇಷ್ಟು ತಟ್ಟುತ್ತಿದ್ದಾಳೆಂದರೆ ಇವತ್ತು ಉಪ್ಪು ಹಾಕುವುದೇ ಮರೆತಿದ್ದೆನೇನೋ ಎಂದುಕೊಂಡರಂತೆ. ಹೆತ್ತ ಮಗನಿಗಿಂತ ಆ ಸದ್ದನ್ನು ನಂಬಿದವರು ಅವರು.

"ಅತ್ತೆ" ಎಂದೆ. ಜನರ ಮುಂದೆ ಏನೆಂದು ಹೇಳಲಿ?

"ಸರಿಯಾಯ್ತು ತಾನೆ?" ಎಂದು ಅತ್ತೆಯೇ ಒಲೆ ಆರಿಸಿ ಬಡಿಸಿಬಿಟ್ಟರು.

ಕೆಂಪು ಟೋಪಿಯವನು ಮೊದಲ ತುತ್ತು ಬಾಯಿಗಿಟ್ಟು ಹಾಗೇ ಕೂತ. ನಗುವ ಜೋಡಿ ನಗು ನಿಲ್ಲಿಸಿತು. ನೀರಿನ ಜಗ್ಗು ಮೇಜಿನ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡಿತು. ಯಾರೊಬ್ಬರೂ ತಟ್ಟೆ ಸರಿಸಲಿಲ್ಲ. ಇದೇ ಇಲ್ಲಿಯವರ ರುಚಿ ಎಂದುಕೊಂಡು, ಇನ್ನೊಬ್ಬರ ಪದ್ಧತಿಗೆ ಅವಮಾನವಾಗದಿರಲೆಂದು, ಆ ಉಪ್ಪಿನ ಮಡುವನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು.

"ಹೇಗಿದೆ?" ಎಂದು ಅತ್ತೆ ಕೇಳಿದರು.

ಎಲ್ಲರೂ ಒಟ್ಟಿಗೆ ತಲೆ ಆಡಿಸಿದರು. ಚೆನ್ನಾಗಿದೆ, ತುಂಬ ಚೆನ್ನಾಗಿದೆ.

ಅಷ್ಟರಲ್ಲಿ ಯಜಮಾನರು ವ್ಯಾನಿನ ಕೀಲಿ ಆಡಿಸುತ್ತ ಒಳಗೆ ಬಂದು, ಎಂದಿನಂತೆ ಪಾತ್ರೆಗೆ ಚಮಚ ಹಾಕಿ ಬಾಯಿಗಿಟ್ಟು, ಹಾಗೇ ಸಿಂಕಿಗೆ ಓಡಿದರು. "ಅಮ್ಮಾ! ಏನಿದು, ಉಪ್ಪಿನ ಮೂಟೆನೇ ಸುರಿದಿದೀಯಾ? ಬಾಯಿಗಿಡೋ ಹಾಗಿಲ್ಲ!"

ಅತ್ತೆ ನನ್ನ ಕಡೆ ತಿರುಗಿದರು. ಆಮೇಲೆ ಮೇಜಿನ ಮೇಲಿದ್ದ ಬಟ್ಟಲುಗಳನ್ನು ನೋಡಿದರು, ಒಬ್ಬೊಬ್ಬರ ಕೈಯಲ್ಲೂ ಇದ್ದ ಚಮಚ ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ಸೆರಗಿಗೆ ಕೈ ಒರೆಸಿಕೊಂಡರು.

"ಇವರಿಗೆ ಹೇಳು. ನನ್ನ ನಾಲಿಗೆಗೆ ರುಚಿ ಗೊತ್ತಾಗಲ್ಲ ಅಂತ ಹೇಳು."

"ಅತ್ತೆ, ಬೇಡ."

"ಇದ್ದದ್ದು ಇದ್ದ ಹಾಗೆ ಹೇಳು. ಪದ್ಧತಿ ಗಿದ್ಧತಿ ಅಂತ ಕಥೆ ಕಟ್ಬೇಡ."

ಯಜಮಾನರ ಕೀಲಿ ಸದ್ದು ನಿಂತಿತು. "ಅಮ್ಮ, ಯಾವಾಗಿಂದ?" ಎಂದರು.

"ನಿಂಗಾಮೇಲೆ ಹೇಳ್ತೀನಿ. ಮೊದಲು ಊಟಕ್ಕೆ ಬಂದೋರು."

ನಾನು ಹೇಳಿದೆ. ಎಷ್ಟೋ ವರ್ಷದಿಂದ ಅತ್ತೆಯ ಮಾತಿಗೆ ಉಪ್ಪುಖಾರ ಸೇರಿಸಿ ಹೇಳಿದವಳು, ಅವತ್ತು ಏನೂ ಸೇರಿಸದೆ ಹೇಳಿದೆ. ಇವರಿಗೆ ರುಚಿ ತಿಳಿಯುವುದಿಲ್ಲ. ಬಟ್ಟಲಿನ ಸದ್ದು ಪದ್ಧತಿಯಲ್ಲ, ಒಂದು ತಟ್ಟಿದರೆ ಉಪ್ಪು ಹಾಕಿ, ಎರಡು ತಟ್ಟಿದರೆ ಸಾಕು.

"ಇಷ್ಟು ದಿನ ಇವಳು ನನ್ನ ನಾಲಿಗೆ ಆಗಿದ್ಲು. ಇನ್ನು ಇವಳು ದೇಶ ನೋಡೋಕೆ ಹೋಗ್ತಾಳೆ. ಅದನ್ನೂ ಹೇಳು" ಎಂದರು ಅತ್ತೆ.

ನಿಮಗೆ ಹೇಗೆ ಗೊತ್ತು ಎಂದು ಅವರ ಮುಖ ನೋಡಿದೆ.

"ನೀನು ಹಿತ್ತಲಲ್ಲಿ ಕಿರುಚಿದ್ದು ಬೀದಿಗೆಲ್ಲ ಕೇಳ್ಸಿದೆ. ನಂಗೆ ಹೋಗಿರೋದು ನಾಲಿಗೆ ಕಣೇ, ಕಿವಿ ಅಲ್ಲ. ಹೇಳು."

ಹೇಳಿದೆ. ಊರುಗೋಲಿನ ಅಜ್ಜಿ ಎದ್ದು, ಉಪ್ಪು ಹೆಚ್ಚಾದ ಪಾತ್ರೆಯನ್ನು ಬದಿಗೆ ತಳ್ಳಿ, ಬೇಳೆಯ ಡಬ್ಬಿಯತ್ತ ಬೆರಳು ತೋರಿಸಿದರು. ಇನ್ನೊಮ್ಮೆ ಮಾಡೋಣ ಎನ್ನುವುದಕ್ಕೆ ಭಾಷೆ ಬೇಕಿರಲಿಲ್ಲ.

ಎಲ್ಲರೂ ಎದ್ದರು. ಈ ಸಲ ಫೋಟೊ ಯಾರೂ ತೆಗೆಯಲಿಲ್ಲ. ಕೆಂಪು ಟೋಪಿ ಬೇಳೆ ತೊಳೆದ, ಗೆಳತಿಯರು ತರಕಾರಿ ಹೆಚ್ಚಿದರು, ಯಜಮಾನರು ಅಮ್ಮನ ಪಕ್ಕ ನಿಂತು ಸುಮ್ಮನೆ ಸೌಟು ಹಿಡಿದುಕೊಂಡರು. ಪಾತ್ರೆ ಕುದಿಯಿತು. ನಾನು ಅಭ್ಯಾಸಬಲದಿಂದ ಬಟ್ಟಲು ಹಿಡಿದು ಹೋದೆ.

"ನೀನಲ್ಲ" ಎಂದರು ಅತ್ತೆ. "ನೀನು ಆ ಕಡೆ ಹೋಗಿ ಕೂತ್ಕೋ."

ಕೂತೆ. ನಾನು ಅಷ್ಟು ಬಯಸಿದ ಜಾಗ ಅದು. ಅಲ್ಲಿಂದ ಕಾಣುವುದು ಅತ್ತೆಯ ಬೆನ್ನು ಮಾತ್ರ. ಊರುಗೋಲಿನ ಅಜ್ಜಿ ರುಚಿ ನೋಡಿ ಒಂದು ಸಲ ತಟ್ಟಿದರು. ಅತ್ತೆ ಚಿಟಿಕೆ ಹಾಕಿದರು. ಮತ್ತೆ ರುಚಿ ನೋಡಿ ಎರಡು ಸಲ ತಟ್ಟಿದರು. ಒಲೆ ಆರಿತು.

ಅತ್ತೆ ಎಲ್ಲರಿಗೂ ಬಡಿಸಿ, ಕೊನೆಗೆ ನನಗೆ ಬಡಿಸಿದರು. ಒಂದು ತುತ್ತು ತಿಂದೆ. ಉಪ್ಪು ಕಮ್ಮಿಯಿತ್ತು. ಇನ್ನೊಂದು ಚಿಟಿಕೆ ಬೇಕಿತ್ತು, ಖಂಡಿತ ಬೇಕಿತ್ತು.

"ಹೇಗಿದೆ?" ಎಂದು ಅತ್ತೆ ನನ್ನನ್ನೇ ಕೇಳಿದರು.

ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಚೆನ್ನಾಗಿದೆ ಅತ್ತೆ" ಎಂದೆ.

ಅತ್ತೆ ನನ್ನನ್ನು ನೋಡಿದರು. ನನ್ನ ಮುಖ ಓದಲು ಅವರಿಗೆ ನಾಲಿಗೆ ಬೇಕಿರಲಿಲ್ಲ. "ಚೆನ್ನಾಗಿದೆ ಅಂದ್ಯಾ?" ಎಂದರು ಮೆಲ್ಲಗೆ. "ಹಾಗಾದ್ರೆ ನೀನು ಆಗ್ಲೇ ಹೊರಟಾಯ್ತು ಬಿಡು."

ನನಗೆ ಅಳು ಒತ್ತರಿಸಿ ಬಂತು. ಚಮಚ ಎತ್ತಿ ಬಟ್ಟಲಿನ ಅಂಚಿಗೆ ಒಂದು ಸಲ ತಟ್ಟಿದೆ. ಅತ್ತೆ ಉಪ್ಪಿನ ಭರಣಿ ತಂದು ಮೇಜಿನ ನಡುವೆ ಇಟ್ಟು, ಮೊದಲ ಬಾರಿಗೆ ನನ್ನ ಎದುರಿನ ಕುರ್ಚಿ ಎಳೆದು ತಾವೂ ಕೂತರು. ಭರಣಿ ಕೈಯಿಂದ ಕೈಗೆ ದಾಟಿತು. ಹಿತ್ತಲ ಕಟ್ಟೆಯ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಬರುತ್ತೇನೆ ಎಂದು ಹೇಳುವುದಿತ್ತು. ಊಟ ಮುಗಿಯುವ ತನಕ ನಾನು ಏಳಲಿಲ್ಲ.