ಆಯೆಶಾಗ ಇಪ್ಪತ್ತೊಂದು ಮಿನಿಟು

ಸಮಸ್ತ ಜನತೆಗೆ ತಿಳಿಯಪಡಿಸುವುದೇನಂದ್ರ, ಮಂಗಳವಾರ ಮುಂಜಾನಿ ಆರಕ್ಕ ಸರಿಯಾಗಿ ಕಾಂತಾಬಾಯಿಯ ಎಡಗಾಲಿನ ಚಪ್ಪಲಿ, ಉಂಗುಟ ಹರಿದಿದ್ರೂ ಧೃತಿಗೆಡದೆ, ಔರಾದಿನ ಸಮುದಾಯ ಭವನದ ಪಾಳಿಯೊಳಗ ಪ್ರಥಮ ಸ್ಥಾನ ಅಲಂಕರಿಸಿತು. ಅದು ಹಿಡಿದದ್ದು ಆಯೆಶಾನ ಪಾಳಿ. ಹಿಂದ ಓಣಿಯ ಆರು ಹೆಣ್ಮಕ್ಕಳ ಚಪ್ಪಲಿ.

ಅಲ್ಲಿ ತಿಂಗಳಿಗೊಮ್ಮೆ ಮನಸ್ಸಿನ ಡಾಕ್ಟರ್ ಬರ್ತಾರ. ಅವರಿಗೆ ಮನಸ್ಸದ, ಮಿನಿಟಿಲ್ಲ. ತಲಿಗೆ ಮೂರು ಮಿನಿಟು, ಮುಗೀತು.

ಬಾಜೂ ಮನಿ ಆಯೆಶಾ, ಕೂಸು ಹುಟ್ಟಿದ ದಿನಾನೇ ತೀರಿ ಹೋದಾಗಿಂದ ಉಣ್ಣೋದೇ ಬಿಟ್ಟಾಳ. ಕಾಂತಾಬಾಯಿ ಕೈ ಹಿಡಕೊಂಡು ಕಾಲು ತಾಸು ಕುಂತ್ರ ಒಂದು ಮಾತು ಬರ್ತದ, ಅದೂ ದಖನಿ ಉರ್ದುವಿನ್ಯಾಗ. ಹೋದ ತಿಂಗಳು ಡಾಕ್ಟರ್ ಕನ್ನಡದಾಗ ಕೇಳಿದ್ದನ್ನ ಕಾಂತಾಬಾಯಿ ದಖನಿಯೊಳಗ ಹೇಳೋದ್ರಾಗೇ ಮೂರು ಮಿನಿಟು ಹೋಗಿ, ನಿದ್ದಿ ಗುಳಿಗಿ ಕೈಗೆ ಬಂತು. ಕಾಂತಾಬಾಯಿ ಭಾಂಡಿ ತಿಕ್ಕೋ ಮನಿಯ ಮಾಲಕಿ ಬಾಯಿಯವರು ಇದಕ್ಕೇ ಬೀದರಿಗೆ ಕಾರಿನ್ಯಾಗ ಹೋಗಿ, ಮೆತ್ತನ ಖುರ್ಚಿಮ್ಯಾಲ ಒಂದು ತಾಸು ಅತ್ತು ಬರ್ತಾರ. ಓಣ್ಯಾಗ ದುಃಖಕ್ಕ ಬರವಿಲ್ಲ, ಅಳಲಿಕ್ಕ ಪುರಸೊತ್ತಿಲ್ಲ.

ಅದಕ್ಕೇ ಈ ಮಹಾ ಯೋಜನೆ: ಆರು ಮಂದಿಯೂ ತಮ್ಮ ಹೆಸರಿಲೆ ರೋಗಿ ಚೀಟಿ ಮಾಡಿಸಿ ತಮ್ಮ ಪಾಳಿ ಆಯೆಶಾಗ ಕೊಡೋದು. ಏಳು ಮೂರ್ಲೆ ಇಪ್ಪತ್ತೊಂದು!

"ಹುಚ್ಚರ ಚೀಟಿ ಮಾಡಿಸೀನಂತ ನಮ್ಮ ಮನಿಯವಗ ತಿಳಿದ್ರ ಹ್ಯಾಂಗವಾ?" ಅಂದ್ಳು ಜಿಜಾಬಾಯಿ.

"ನಿನ್ನ ಲಗ್ನಾ ಆಗೋ ದಿನಾನೇ ಅವ ಮಾಡಿಸಬೇಕಿತ್ತು, ಸುಮ್ನಿರು!" ಅಂದ್ಳು ಕಾಂತಾಬಾಯಿ.

ಒಳಗ ಡಾಕ್ಟರ್ ಮುಂದ ಕಾಂತಾಬಾಯಿ ಕೈ ಹಿಡಕೊಂಡು ಕುಂತ ಆಯೆಶಾ ತಲಿ ಎತ್ತಲಿಲ್ಲ. ಮೂರು ಮಿನಿಟಾತು.

"ಎರಡನೇ ನಂಬರ, ಜಿಜಾಬಾಯಿ!" ಅಂತ ಕ್ಲಾರ್ಕ್ ಕೂಗಿದ.

"ಆ ಪಾಳೀನೂ ಇಕೀದೇರಿ. ಹಿಂದಿನ ಐದೂ," ಅಂದ್ಳು ಕಾಂತಾಬಾಯಿ.

ಡಾಕ್ಟರ್ ನಕ್ಕು ಪೆನ್ನು ಕೆಳಗಿಟ್ರು. "ಹಾಗಾದರೆ ನಿಧಾನವಾಗಿ ಹೇಳಮ್ಮಾ."

"ಆಗಂಗಿಲ್ಲರಿ ಸಾಹೇಬ್ರ," ಅಂದ ಕ್ಲಾರ್ಕ್. "ಕಂಪ್ಯೂಟರಿನ್ಯಾಗ ಈಗ ಜಿಜಾಬಾಯಿ ರೋಗಿ. ಒಬ್ಬರ ಪಾಳಿಯೊಳಗ ಇನ್ನೊಬ್ಬ ರೋಗಿ ಕುಂದ್ರಂಗಿಲ್ಲ. ರೋಗಿಯ ಗುಟ್ಟು ಕಾಪಾಡೋ ನಿಯಮ ಅದ."

"ಗುಟ್ಟಾ? ನಮ್ಮ ಮನಿ ನಡುವ ತಗಡಿನ ಗ್ವಾಡಿ ಅದರಿ. ಇಕಿ ಮಗ್ಗಲಾ ಬದಲಿಸಿದ್ರ ನನಗ ಕೇಳ್ತದ!"

"ಅದು ಗ್ವಾಡಿ. ಇದು ನಿಯಮ."

ಆವಾಗ ಆಯೆಶಾ ತಲಿ ಎತ್ತಿದ್ಳು. "ಗ್ಯಾರಾ ಬಜೇ ತಲಕ್ ರೋಯಾ ಉನೆ."

"ಹನ್ನೊಂದರ ತನಕಾ ಅತ್ತಿತ್ತಂತರಿ, ಕೂಸು," ಅಂದ್ಳು ಕಾಂತಾಬಾಯಿ. ಇದು ಆಕಿಗೂ ಹೊಸಾದು.

ಡಾಕ್ಟರ್ ಲಗೂನ ಕಂಪ್ಯೂಟರಿನ್ಯಾಗ ಬರೀಲಿಕ್ಕ ಹೋದ್ರು. ಪರದೆಮ್ಯಾಲ ಜಿಜಾಬಾಯಿ ಹೆಸರಿತ್ತು. ಪಾಳಿ ಮುಗಿದ ಆಯೆಶಾನ ಪುಟ ಮುಂದಿನ ತಿಂಗಳ ತನಕಾ ತೆರಿಯಂಗಿಲ್ಲಂತ.