ಗೋಡೆಯ ಮೇಲಿನ ನಂಬರು

ಕಳೆದ ವಸಂತದಲ್ಲಿ ನರ್ಸಮ್ಮ ಮಾಡಿದ ತಪ್ಪು ನೋಡಿದರೆ ಎಳ್ಳುಕಾಳಿನಷ್ಟು. ಹಕ್ಕಿಗಳನ್ನು ಹಿಡಿದು ಗುರುತು ಹಾಕಿ ಬಿಡುವ ಕೇಂದ್ರದಲ್ಲಿ ಹಾಡುಹಕ್ಕಿಯೊಂದರ ಕಾಲಿಗೆ ನಂಬರಿನ ಉಂಗುರ ತೊಡಿಸಿ ಇಕ್ಕಳ ಒತ್ತುವಾಗ ಉಂಗುರದ ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತಿತು. ಬಿಡಿಸುವಷ್ಟರಲ್ಲಿ ಹಕ್ಕಿ ಕೈಜಾರಿ ಕಿಟಕಿಯಿಂದ ಪರಾರಿ. ಅಂಥ ಬಿಗಿ ಉಂಗುರ ಕಾಲನ್ನೇ ತಿಂದುಬಿಡಬಹುದು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಸೈ ಅನ್ನಿಸಿಕೊಂಡು ನಿವೃತ್ತಳಾದ ಹೆಂಗಸಿಗೆ ಇದು ಗಂಟಲ ಮುಳ್ಳಾಯಿತು.

ಮುಚ್ಚಿಡುವ ಜಾಯಮಾನ ಅವಳದಲ್ಲ. ನಡೆದದ್ದನ್ನು ರಿಜಿಸ್ಟರಿನಲ್ಲಿ ತಾನೇ ಬರೆದಳು. ಮಾರನೆಯ ದಿನ ನೋಡಿದರೆ, ಕೇಂದ್ರದ ಮೇಲ್ವಿಚಾರಕಿಯಾದ ಅವಳ ತಂಗಿಯ ಮಗಳು ಆ ನಂಬರನ್ನು ಕೆಂಪು ಶಾಯಿಯಲ್ಲಿ ಬರೆದು ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿದ್ದಳು. ಎತ್ತಿ ಆಡಿಸಿದ ಕೂಸೇ ನಾಲ್ಕು ಜನರೆದುರು ಮಾನ ಕಳೆಯಿತಲ್ಲ ಎಂದು ನರ್ಸಮ್ಮ ಒಳಗೊಳಗೇ ಬೆಂದಳು. ಅಂದಿನಿಂದ ಬರೆಯುವ ಕೆಲಸ ಮಾತ್ರ, ಹಕ್ಕಿಯನ್ನು ಮುಟ್ಟಲಿಲ್ಲ.

ಈ ವಸಂತದ ಒಂದು ಬೆಳಿಗ್ಗೆ, ಹಕ್ಕಿ ಹಿಡಿಯುವ ಬಲೆಗಳನ್ನು ನೋಡಿಕೊಂಡು ಬರುವ ಬಲೆಮಾವ ಹಕ್ಕಿಗಳಿದ್ದ ಬಟ್ಟೆಚೀಲಗಳನ್ನು ಎದೆಗವುಚಿಕೊಂಡು ಏದುಸಿರು ಬಿಡುತ್ತಾ ಬಂದ.

"ಸಿಕ್ತು! ಗೋಡೆ ನಂಬರು ಸಿಕ್ತು!"

"ನಿಮಗೆ ಅದು ನೆನಪಿತ್ತಾ?" ನರ್ಸಮ್ಮನ ಪೆನ್ನು ನಿಂತಿತು.

"ಒಳ್ಳೆ ಕೇಳಿದ್ರಿ! ಈ ಸಲ ನಾವೆಲ್ಲ ಬಲೇಲಿ ಮೊದಲು ನೋಡೋದೇ ಕಾಲು. ಆ ಚೀಟಿ ಅಂಟಿಸಿದ್ದು ಅದಕ್ಕೇ ಅಲ್ವಾ?"

ನರ್ಸಮ್ಮನಿಗೆ ನಾಚಿಕೆಯೂ ಆಯಿತು, ಎದೆ ತುಂಬಿಯೂ ಬಂತು. ತಾನು ಮುಖ ಊದಿಸಿಕೊಂಡು ಕೂತಿದ್ದಾಗ ಇಷ್ಟು ಜನ ತನ್ನ ಹಕ್ಕಿಯನ್ನು ಹುಡುಕುತ್ತಿದ್ದರು.

"ಉಂಗುರ ನೀವೇ ಬಿಚ್ಚಿ, ದೊಡ್ಡಮ್ಮ," ಎಂದಳು ತಂಗಿಯ ಮಗಳು.

"ನನ್ನ ಕೈಲಿ ಆಗಲ್ಲ ಕಣೇ. ನೀನೇ ಬಿಚ್ಚು."

"ನನಗೆ ಆತುರ ಜಾಸ್ತಿ. ನಿಮ್ಮ ಕೈಯೇ ಬೇಕು."

ಚೀಲದಿಂದ ಹಕ್ಕಿ ಅವಳ ಅಂಗೈಗೆ ಬಂತು. ತೂಕವೇ ಇಲ್ಲ, ಬರೀ ಬಿಸಿ ಮತ್ತು ಎದೆಬಡಿತ. ಉಸಿರು ಬಿಗಿಹಿಡಿದು ಉಂಗುರವನ್ನು ಕೂದಲೆಳೆಯಷ್ಟೇ ಅಗಲಿಸಿದಳು, ಮತ್ತೊಂದಿಷ್ಟು ಅಗಲಿಸಿ ತೆಗೆದಳು. ಕೆಳಗಿನ ಚರ್ಮ ಕೆಂಪಾಗಿತ್ತು. ಗಾಯವಿಲ್ಲ, ಊತವಿಲ್ಲ. ಇನ್ನೊಂದು ಕಾಲಿಗೆ ಹೊಸ ಉಂಗುರ ತೊಡಿಸಿ, ಎರಡು ತುದಿ ಸರಿಯಾಗಿ ಕೂಡಿದ್ದನ್ನು ಭೂತಗನ್ನಡಿಯಲ್ಲಿ ಮೂರು ಸಲ ನೋಡಿದಳು. ಅಷ್ಟರಲ್ಲಿ ಹಕ್ಕಿ ಬೆರಳನ್ನು ಕಚ್ಚಿತು.

"ಕಚ್ಚು ತಾಯಿ, ಹೊಟ್ಟೆತುಂಬ ಕಚ್ಚು," ಎನ್ನುತ್ತಾ ಕಿಟಕಿಯಲ್ಲಿ ಕೈ ಬಿಚ್ಚಿದಳು. ಹಕ್ಕಿ ಹೋಯಿತು. ನರ್ಸಮ್ಮ ಮರೆಮಾಚದೆ ಅತ್ತಳು.

"ನಿನ್ನನ್ನ ತಪ್ಪು ತಿಳ್ಕೊಂಡಿದ್ದೆ ಕಣೇ. ಒಂದು ವರ್ಷ!"

"ಗೊತ್ತಿತ್ತು, ನಿಮ್ಮ ಮುಖವೇ ಹೇಳ್ತಿತ್ತು," ಎಂದು ನಕ್ಕಳು ತಂಗಿಯ ಮಗಳು.

ಬಲೆಮಾವ ಎರಡನೆಯ ಚೀಲ ಎತ್ತಿ ಹಿಡಿದ. "ಇದು ಯಾರಿಗೆ?"

ತಂಗಿಯ ಮಗಳು ರಿಜಿಸ್ಟರಿನ ಮುಂದೆ ಕೂತು ಪೆನ್ನು ಕೈಗೆತ್ತಿಕೊಂಡಳು. ನರ್ಸಮ್ಮ ತೋಳಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಇಲ್ಲಿ ಕೊಡಿ."